ಒಂದೇ ಚಾರ್ಜಿಗೆ ಕೋಪಕಬಾನ

ಎಲ್ ಆಲ್ತೊ ಊರಿನ ನಮ್ಮ ಬೀದಿಯಲ್ಲಿ ತೂಕದ ವಿಷಯ ಮಾತನಾಡುವ ಹಕ್ಕು ಯಾರಿಗಾದರೂ ಇದ್ದರೆ ಅದು ದಾಮಸೊ ಲರೂತನಿಗೆ. ಅವನು ತಕ್ಕಡಿ ರಿಪೇರಿ ಮಾಡುವವನು. ಸಂತೆಯ ಅರ್ಧದಷ್ಟು ತಕ್ಕಡಿಗಳು ಅವನ ಕೈಯಲ್ಲೇ ನೆಟ್ಟಗಾಗಿವೆ. ಉಳಿದರ್ಧ ನೆಟ್ಟಗಾಗಲು ಮನಸ್ಸಿಲ್ಲದೆ ಅವನಿಂದ ದೂರ ಇವೆ. ಒಂದು ಬನ್ನು ಕೈಗೆತ್ತಿಕೊಂಡು ಅರವತ್ತೆರಡು ಗ್ರಾಂ ಎಂದನೆಂದರೆ ಅದು ಅರವತ್ತೆರಡೇ. ನಾನು ಅವನ ಪಕ್ಕದ ಮನೆಯವನು, ಹ್ಯಾಟು ರಿಪೇರಿಯ ಎಲಾದಿಯೊ. ತಲೆಯ ಸುತ್ತಳತೆ ನನಗೆ ಗೊತ್ತು, ಒಳಗಿನದು ಗೊತ್ತಿಲ್ಲ. ಇಂಥ ಮನುಷ್ಯ ಅಷ್ಟು ದೊಡ್ಡ ಲೆಕ್ಕ ಹೇಗೆ ತಪ್ಪಿದ ಎಂದು ಕೇಳಿದರೆ ನಡೆದದ್ದನ್ನು ಮಾತ್ರ ಹೇಳಬಲ್ಲೆ.

ಗಾಡಿ ಕೊಂಡದ್ದು ಬಸೀಲಿಯಾಳ ಬೆನ್ನಿಗೋಸ್ಕರ. ಬಸೀಲಿಯಾ ಅವನ ಹೆಂಡತಿ, ಸಂತೆಯಲ್ಲಿ ಆಲೂಗಡ್ಡೆ ಮಾರುತ್ತಾಳೆ. ಹಳ್ಳಿಯಿಂದ ಬರುವ ಲಾರಿ ದೊಡ್ಡ ರಸ್ತೆಯಲ್ಲೇ ಮೂಟೆ ಇಳಿಸಿ ಹೋಗುತ್ತದೆ. ಅಲ್ಲಿಂದ ಅವಳ ಅಂಗಡಿಗೆ ಒಂದೂವರೆ ಕಿಲೋಮೀಟರ್. ಮಣ್ಣು ಮೆತ್ತಿದ ಮೂಟೆಯನ್ನು ಯಾವ ಮಿನಿಬಸ್ಸಿನವನೂ ಹತ್ತಿಸಿಕೊಳ್ಳುವುದಿಲ್ಲ. ಹೀಗಾಗಿ ಪಟ್ಟೆ ಪಟ್ಟೆಯ ಹೊರೆಬಟ್ಟೆಯಲ್ಲಿ ಕಟ್ಟಿ, ಬೆನ್ನಿಗೇರಿಸಿ, ಎದೆಯ ಮೇಲೆ ಗಂಟು ಹಾಕಿಕೊಂಡು ದಿನಕ್ಕೆ ನಾಲ್ಕು ಸಲ ನಮ್ಮ ಬೀದಿಯಲ್ಲೇ ಹಾದು ಹೋಗುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಡಾಕ್ಟರು ಬೆನ್ನಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನೊಂದು ಚಳಿಗಾಲ ಹೀಗೇ ಹೊತ್ರೆ, ಹೊರೆ ಹಾಗಿರಲಿ, ನೆಟ್ಟಗೆ ನಿಲ್ಲೋದೂ ಆಗಲ್ಲಮ್ಮ" ಅಂದಿದ್ದರು. ಇಬ್ಬರೂ ಕೂಡಿಟ್ಟದ್ದನ್ನೆಲ್ಲ ಸೇರಿಸಿ ಒಂದು ಪುಟ್ಟ ಕರೆಂಟಿನ ಕಾರು ಕೊಂಡರು. ಮುಂದೆ ಎರಡು ಸೀಟು, ಹಿಂದೆ ಎರಡು ಮೂಟೆಗಾಗುವಷ್ಟು ಹಲಗೆ. ಇಷ್ಟರಲ್ಲಿ ಯಾವ ತಪ್ಪೂ ಇರಲಿಲ್ಲ.

ಕಾರು ಬಂದ ದಿನ ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ನಮ್ಮ ನೆರೆಹೊರೆ ಸಂಘದ ಅಧ್ಯಕ್ಷೆ, ಗೌರವಕ್ಕೆ ನಾವೆಲ್ಲ ದೋನ್ಯಾ ಎಂದು ಕರೆಯುವ ಪ್ರಿಮಿತಿವಾ, ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಚೆನ್ನಾಗಿದೆ ದಾಮಸೊ. ಉಳಿದದ್ದು ನಾಳೆ ಬರುತ್ತಾ?" ಎಂದು ಕೇಳಿದರು.

ಜನ ನಕ್ಕರು. ದಾಮಸೊನೂ ನಕ್ಕ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮಿನಿಬಸ್ಸು ಓಡಿಸುವ ರೂಫೊ ತನ್ನ ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನ್ ದಾಮಸೊ, ಆಶೀರ್ವಾದಕ್ಕೆ ಕೋಪಕಬಾನಕ್ಕೆ ಓಡಿಸ್ಕೊಂಡೇ ಹೋಗ್ತೀಯೋ, ಇಲ್ಲ ನನ್ನ ಬಸ್ಸಿನ ತಲೆ ಮೇಲೆ ಕಟ್ಲೋ?"

ಇದು ಬರೀ ತಮಾಷೆಯ ಮಾತಲ್ಲ. ಹೊಸ ಗಾಡಿ ಕೊಂಡವರು ಅದಕ್ಕೆ ಹೂವು ಕಾಗದ ಸುತ್ತಿ, ಸರೋವರದ ಆಚೆಯ ಕೋಪಕಬಾನಕ್ಕೆ ಒಯ್ದು, ಕನ್ಯಾಮಾತೆಯ ಗುಡಿಯ ಮುಂದೆ ನಿಲ್ಲಿಸಿ ಪಾದ್ರಿಗಳಿಂದ ನೀರು ಹಾಕಿಸಬೇಕು. ಆಮೇಲೆ ಚಕ್ರಕ್ಕೆ ಬಿಯರ್ ಸುರಿಯಬೇಕು. ಆಶೀರ್ವಾದವಾಗದ ಗಾಡಿಯನ್ನು ನಮ್ಮ ಬೀದಿಯ ಕೋಳಿ ಕೂಡ ಹತ್ತುವುದಿಲ್ಲ. ಕೋಪಕಬಾನ ನಮ್ಮಲ್ಲಿಂದ ನೂರೈವತ್ತು ಕಿಲೋಮೀಟರ್, ನಡುವೆ ದೋಣಿ, ದೋಣಿಯ ಆಚೆ ಗುಡ್ಡ.

ದಾಮಸೊ ಕಾರಿನ ತಲೆಯ ಮೇಲೆ ಕೈಯಿಟ್ಟು, "ಓಡಿಸ್ಕೊಂಡೇ ಹೋಗ್ತೀನಿ. ಒಂದೇ ಚಾರ್ಜಿಗೆ," ಅಂದ.

ಜನ ಸುಮ್ಮನಾದರು. ಆ ಮೌನ ಅವನಿಗೆ ಹಿತವಾಯಿತು ಎಂದು ಕಾಣುತ್ತದೆ, ಏಕೆಂದರೆ ಎರಡನೆಯ ತಪ್ಪನ್ನೂ ಅಲ್ಲೇ ಮಾಡಿದ. ಮಗುವಿಗಿರುವ ಹಾಗೆ ನಮ್ಮಲ್ಲಿ ಗಾಡಿಗೂ ಧರ್ಮತಂದೆ ಧರ್ಮತಾಯಿ ಬೇಕು. ಆದವರು ಅಂದಿನಿಂದ ಮನೆಯವರಿಗೆ ಕೊಂಪಾದ್ರೆ, ಕೊಮಾದ್ರೆ; ಅಂದರೆ ಬೀಗರಿಗಿಂತ ಹತ್ತಿರದವರು, ಬೀಗರಷ್ಟೇ ಬೇಗ ಮುನಿಸಿಕೊಳ್ಳುವವರು. ಧರ್ಮತಂದೆ ದೊಡ್ಡ ಮನುಷ್ಯನಾದಷ್ಟೂ ಗಾಡಿಗೆ ಯೋಗ ಹೆಚ್ಚು. ಗುಂಪಿನಲ್ಲಿ ನಿಂತಿದ್ದ ಮಾಂಸದ ವ್ಯಾಪಾರಿ ದೋನ್ ನಿಕಾನೋರ್ ಮತ್ತು ಅವರ ಹೆಂಡತಿ ದೋನ್ಯಾ ಎನ್ಕಾರ್ನಾ ಅವರನ್ನು ದಾಮಸೊ ಎಲ್ಲರೆದುರು ಕೈಮುಗಿದು ಕೇಳಿದ. ಅವರು ಒಪ್ಪಿದರು. ನಮ್ಮ ಬೀದಿಯಲ್ಲಿ ಅವರಿಗಿಂತ ದೊಡ್ಡ ಮನುಷ್ಯರಿಲ್ಲ. ಯಾವ ಅರ್ಥದಲ್ಲಿ ಹೇಳಿದರೂ ಇಲ್ಲ.

ಅಷ್ಟರಲ್ಲಿ ಬಸೀಲಿಯಾ ಮೂಟೆ ಹೊತ್ತು ಬಂದಳು. ದಿನದ ಮೂರನೆಯ ಸಲ. ಕಾರನ್ನು ನೋಡಿ ನಿಂತಳು.

"ಇದನ್ನ ಹಿಂದೆ ಇಡ್ಲಾ?" ಎಂದು ಕೇಳಿದಳು.

"ಆಶೀರ್ವಾದ ಆಗ್ಲಿ ಕಣೆ. ಅಲ್ಲೀವರೆಗೆ ಮಣ್ಣು ಮೆತ್ಸೋದು ಬೇಡ," ಅಂದ ದಾಮಸೊ.

ಅವಳು ಗಂಟು ಬಿಗಿ ಮಾಡಿಕೊಂಡು ಮುಂದೆ ಹೋದಳು. ನಾವೆಲ್ಲ ಮತ್ತೆ ಕಾರಿನತ್ತ ತಿರುಗಿದೆವು.

ಮರುದಿನ ದಾಮಸೊ ನನ್ನನ್ನೂ ಕರೆದುಕೊಂಡು ಕಾರು ಮಾರಿದ ಅಂಗಡಿಗೆ ಹೋದ. ಅಲ್ಲಿ ಇಂಜಿನಿಯರ್ ಓದಿದ ಒಬ್ಬ ಹುಡುಗಿ ಇದ್ದಾಳೆ, ತಾಳ್ಮೆಯವಳು.

"ಎರಡು ಬ್ಯಾಟರಿ ಇದೆ ಸರ್. ಸಮತಟ್ಟು ರಸ್ತೇಲಿ, ಒಬ್ರೇ ಕೂತ್ರೆ, ನೂರು ಕಿಲೋಮೀಟರ್."

"ನಾಲ್ಕು ಜನ ಕೂತ್ರೆ?"

"ಇದು ನಾಲ್ಕು ಜನರ ಗಾಡಿ ಅಲ್ಲ ಸರ್."

"ಅಲ್ಲ ಅನ್ನೋದು ಗೊತ್ತು. ಕೂತ್ರೆ?"

"ಅರವತ್ತು. ದಿಬ್ಬ ಸಿಕ್ರೆ ಐವತ್ತು."

ದಾಮಸೊ ಬೆರಳು ಮಡಿಸಿ ನೋಡಿಕೊಂಡ. "ಇನ್ನೊಂದು ಬ್ಯಾಟರಿ ಹಾಕಿದ್ರೆ?"

"ಹಾಕ್ಬಹುದು. ಆದ್ರೆ ನೋಡಿ, ಬ್ಯಾಟರಿನೂ ಒಂದು ಹೊರೆನೇ. ಒಂದೊಂದೂ ನಲವತ್ತೈದು ಕಿಲೋ. ಮೊದಲನೇದು ನಿಮ್ಮನ್ನ ಹೊರುತ್ತೆ. ಎರಡನೇದು ನಿಮ್ಮನ್ನೂ ಮೊದಲನೇದನ್ನೂ ಹೊರುತ್ತೆ. ಮೂರನೇದು ಹೆಚ್ಚೂಕಡಿಮೆ ತನ್ನನ್ನ ತಾನೇ ಹೊತ್ಕೊಂಡು ಓಡಾಡುತ್ತೆ. ಹಿಂದಿನ ಹಲಗೆ ತೆಗೆದು ಅಲ್ಲಿ ಪೆಟ್ಟಿಗೆ ಬೆಸುಗೆ ಹಾಕ್ಬೇಕು, ಮತ್ತೆ ಅಲ್ಲಿ ಸಾಮಾನು ಇಡೋ ಹಾಗಿಲ್ಲ. ಎಲ್ಲಾ ಸೇರಿ ಒಳಗಿನ ಭಾರ ಮುನ್ನೂರು ಕಿಲೋ ದಾಟ್ಬಾರ್ದು."

"ಹಗುರವಾದ ಬ್ಯಾಟರಿ ಇಲ್ವಾ?"

"ಇದೆ. ಅರ್ಧ ತೂಕ. ಅದರ ಬೆಲೆಗೆ ಇಂಥದ್ದೇ ಇನ್ನೊಂದು ಗಾಡಿ ಬರುತ್ತೆ."

"ಹಾಗಾದ್ರೆ ಇನ್ನೊಂದು ಗಾಡಿ ಕೊಂಡು ಅದರ ಕೈಲಿ ಇದನ್ನ ಎಳೆಸ್ಬಹುದಲ್ಲ," ಅಂದ ದಾಮಸೊ. ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹುಡುಗಿ ಪೆನ್ನು ಕೆಳಗಿಟ್ಟಳು. "ಸರ್, ನಿಮಗೆ ದಿನಾ ಎಷ್ಟು ದೂರ ಹೋಗ್ಬೇಕು?"

"ಕೋಪಕಬಾನ."

"ದಿನಾನಾ?"

ದಾಮಸೊ ಎದ್ದುಬಿಟ್ಟ. ನಾನೂ ಎದ್ದೆ. ಇಡೀ ಪ್ರಕರಣದಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ಅವಳೊಬ್ಬಳೇ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಆಮೇಲಿನ ಎರಡು ವಾರ ದಾಮಸೊ ಕಾರನ್ನು ಹಗುರ ಮಾಡಿದ. ಸ್ಟೆಪ್ನಿ ಚಕ್ರ ತೆಗೆದ. ಜಾಕು ತೆಗೆದ. ರೇಡಿಯೊ ಬಿಚ್ಚಿದ, ಒಂಬೈನೂರ ಎಂಬತ್ತು ಗ್ರಾಂ. ಕಾಲುಚೀಲದ ಹಾಗೆ ಸೀಟಿನ ಕವರು ಕಳಚಿದ. ಮುಂದೆ ಅಂಟಿಸಿದ್ದ ಮಾತೆಯ ಪುಟ್ಟ ಮೂರ್ತಿಯನ್ನೂ ಕೈಯಲ್ಲಿ ಹಿಡಿದು, ನೂರ ಹತ್ತು ಗ್ರಾಂ ಎಂದು ಗೊಣಗಿ, ಸ್ವಲ್ಪ ಹೊತ್ತು ಯೋಚಿಸಿ, ಹೆದರಿ ಅಲ್ಲೇ ಬಿಟ್ಟ. ತಾನೂ ರಾತ್ರಿಯೂಟ ಬಿಟ್ಟ. ಸಂಜೆ ಬಸೀಲಿಯಾ ಸೂಪು ತಂದಿಟ್ಟರೆ, "ಇದು ನಾನೂರು ಗ್ರಾಂ," ಎಂದು ಪಕ್ಕಕ್ಕೆ ಸರಿಸುತ್ತಿದ್ದ.

ಬೀದಿಯೂ ಸುಮ್ಮನಿರಲಿಲ್ಲ. ದೋನ್ಯಾ ಪ್ರಿಮಿತಿವಾ ಸಂಘದ ಸಭೆಯಲ್ಲಿ ಚರಂಡಿಯ ವಿಷಯ ಮುಂದಕ್ಕೆ ಹಾಕಿ ಈ ವಿಷಯ ಎತ್ತಿಕೊಂಡರು. ನಡುವೆ ಎಲ್ಲಾದರೂ ಚಾರ್ಜು ಮಾಡಿದರಾಯಿತು ಎಂದು ಒಬ್ಬರು ಅಂದರು.

"ಆರು ಗಂಟೆ ಹಿಡಿಯುತ್ತೆ," ಅಂದ ರೂಫೊ. "ಆರು ಗಂಟೆ ಧರ್ಮತಂದೇನ ಹೇಗೆ ಕೂರಿಸ್ತೀಯ? ಬಿಯರ್ ಕೊಡ್ಬೇಕು. ಕುಡಿದ ಮೇಲೆ ಭಾರ ಇನ್ನೂ ಜಾಸ್ತಿ. ಮತ್ತೆ ಚಾರ್ಜು ಸಾಲಲ್ಲ."

ಧರ್ಮತಂದೆ ಧರ್ಮತಾಯಿಯನ್ನು ಬಸ್ಸಿನಲ್ಲಿ ಕಳಿಸಬಹುದಲ್ಲ ಎಂದು ನಾನು ಅಂದೆ. ಎಲ್ಲರೂ ನನ್ನತ್ತ ನೋಡಿದ ರೀತಿಗೆ ಹ್ಯಾಟು ಕೆಳಕ್ಕೆಳೆದುಕೊಂಡು ಕುಳಿತೆ. ಧರ್ಮಪುತ್ರನಾದ ಗಾಡಿಯೇ ಇರುವಾಗ ಬಸ್ಸಿನಲ್ಲಿ ಹೋಗುವುದೆಂದರೆ ಮದುಮಗನನ್ನು ಬಿಟ್ಟು ದಿಬ್ಬಣ ಹೋದ ಹಾಗೆ.

ಕೊನೆಗೆ ದಾಮಸೊ ಒಂದು ತೀರ್ಮಾನಕ್ಕೆ ಬಂದ. ಮೂರನೆಯ ಬ್ಯಾಟರಿ ಹಾಕಿಸುವುದು. ಮುಂದೆ ತಾನು ಮತ್ತು ದೋನ್ಯಾ ಎನ್ಕಾರ್ನಾ. ಹಿಂದೆ ಬ್ಯಾಟರಿಯ ಪೆಟ್ಟಿಗೆಯ ಮೇಲೆ ಗೌರವದ ದಿಂಬು ಹಾಕಿ ದೋನ್ ನಿಕಾನೋರ್. ಬೆಸುಗೆಯವನಿಗೆ ಗುರುವಾರಕ್ಕೆ ಹೇಳಿಯೂ ಬಿಟ್ಟ.

"ಬಸೀಲಿಯಾ?" ಎಂದು ಕೇಳಿದೆ.

"ಅವಳು ಬಸ್ಸಲ್ಲಿ ಬರ್ತಾಳೆ," ಅಂದ. "ಎರಡು ಬ್ಯಾಟರಿಗೆ ನೂರು ಅಂದ್ರೆ ಮೂರಕ್ಕೆ ನೂರೈವತ್ತು. ಈಗ ಉಳಿದಿರೋದು ಒಂದೇ ತೊಡಕು. ಆ ಇಬ್ಬರ ತೂಕ ಗೊತ್ತಾಗ್ಬೇಕು. ನಾನು ಅರವತ್ತನಾಲ್ಕು ಇದ್ದೆ, ಈಗ ಅರವತ್ತು. ಬ್ಯಾಟರಿ ನಲವತ್ತೈದು. ಅವರಿಬ್ಬರೂ ನೂರತೊಂಬತ್ತೈದರ ಒಳಗಿದ್ರೆ ಬದುಕಿದೆ."

"ಕೇಳು."

"ದೋನ್ಯಾ ಎನ್ಕಾರ್ನಾನ? ನೀನು ಕೇಳ್ತೀಯಾ?"

ನಾನು ಕೇಳಲಿಲ್ಲ. ಅದಕ್ಕೆ ಅವನು ಹೂಡಿದ ಉಪಾಯದಲ್ಲಿ ಭಾಗಿಯಾದೆ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಮೂಟೆ ತೂಗುವ ದೊಡ್ಡ ನೆಲತಕ್ಕಡಿಯನ್ನು ಊಟದ ಮೇಜಿನ ಪಕ್ಕ ತಂದಿಟ್ಟ. ಅದರ ಮೇಲೆ ಬೆಂಚು, ಬೆಂಚಿನ ಮೇಲಿಂದ ನೆಲ ಮುಟ್ಟುವ ಕಂಬಳಿ. ತಕ್ಕಡಿಯ ಮುಳ್ಳು ಪರದೆಯ ಹಿಂದೆ. ಮುಳ್ಳಿನ ಮುಂದೆ ಒಂದು ಸ್ಟೂಲು, ಸ್ಟೂಲಿನ ಮೇಲೆ ನಾನು. ಮಂಗಳವಾರ ಮಧ್ಯಾಹ್ನ ಧರ್ಮತಂದೆ ಧರ್ಮತಾಯಿಗೆ ಊಟ.

ಇಬ್ಬರೂ ಬಂದು ಕುಳಿತರು. ಮುಳ್ಳು ಗರ್ರನೆ ತಿರುಗಿ ನೂರತೊಂಬತ್ತೊಂಬತ್ತಕ್ಕೆ ನಿಂತಿತು. ನಾನು ಬರೆದುಕೊಂಡೆ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು, ಆದರೆ ಪರದೆಯ ಹಿಂದಿನಿಂದ ಹೊರಗೆ ಹೋಗಲು ಬಾಗಿಲಿರಲಿಲ್ಲ. ಆಗ ನನ್ನ ಕಣ್ಣು ಮುಳ್ಳಿನ ಪಕ್ಕದ ಹಿತ್ತಾಳೆ ಗಂಟೆಯ ಮೇಲೆ ಬಿತ್ತು. ಆ ತಕ್ಕಡಿ ಇನ್ನೂರು ಕಿಲೋ ತಲುಪಿದರೆ ಎಚ್ಚರಿಕೆಗೆ ಗಂಟೆ ಹೊಡೆಯುತ್ತದೆ. ಮಾಡಿದವರು ಜಾಣರು.

ಹಂದಿಮಾಂಸದ ಖಾರದ ಸಾರು ಬಂತು. ಬಸೀಲಿಯಾಳ ಸಾರು ಎಂದರೆ ಯಾರೂ ಒಂದು ತಟ್ಟೆಗೆ ನಿಲ್ಲಿಸುವುದಿಲ್ಲ. ಮೇಜಿನ ಮೇಲಿದ್ದದ್ದು ಒಳಗೆ ಹೋದ ಹಾಗೆಲ್ಲ ಮುಳ್ಳು ಕೂದಲೆಳೆಯಷ್ಟು ಮುಂದೆ ಸರಿಯುತ್ತಿತ್ತು. ದೋನ್ಯಾ ಎನ್ಕಾರ್ನಾ ಮೊಣಕೈ ಊರಿದಾಗ ಹಿಂದೆ ಬರುತ್ತಿತ್ತು, ಎತ್ತಿದಾಗ ಮುಂದೆ. ದೋನ್ ನಿಕಾನೋರ್ ಯಾವುದೋ ಹಸುವಿನ ಕತೆ ಹೇಳಿ ನಕ್ಕಾಗ ಕುಣಿಯಿತು. ಬಾಟಲಿ ತೆರೆದ ಸದ್ದು ಕೇಳಿತು. ಕುಡೀಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇನ್ನೊಂದು ತುಂಡು ಹಾಕ್ಲಾ ಕೊಮಾದ್ರೆ?" ಅಂದಳು ಬಸೀಲಿಯಾ.

"ಸಣ್ಣದು ಹಾಕಮ್ಮ," ಅಂದರು ದೋನ್ಯಾ ಎನ್ಕಾರ್ನಾ.

ಆ ಸಣ್ಣ ತುಂಡಿಗೆ ಗಂಟೆ ಬಾರಿಸಿತು. ಚರ್ಚಿನ ಗಂಟೆಯೂ ಅಷ್ಟು ಗಂಭೀರವಾಗಿ ಬಾರಿಸಿದ್ದನ್ನು ನಾನು ಕೇಳಿಲ್ಲ.

"ಅದೇನು?" ದೋನ್ ನಿಕಾನೋರ್ ಕೇಳಿದರು.

"ಊಟದ ಗಂಟೆ," ಅಂದ ದಾಮಸೊ.

"ಊಟ ಮಾಡ್ತಾ ಇದೀವಲ್ಲಪ್ಪ."

ದೋನ್ಯಾ ಎನ್ಕಾರ್ನಾ ಕಂಬಳಿ ಎತ್ತಿ ಕೆಳಗೆ ನೋಡಿದರು. ಹದಿನೈದು ವರ್ಷ ಮಾರುಕಟ್ಟೆಯಲ್ಲಿ ಕುಳಿತವರಿಗೆ ತಕ್ಕಡಿಯ ಗುರುತು ಹೇಳಿಕೊಡಬೇಕಿಲ್ಲ. ಕೈ ಚಾಚಿ ಪರದೆ ಸರಿಸಿದರು. ಪೆನ್ಸಿಲು ಹಿಡಿದು ಕುಳಿತಿದ್ದ ನಾನು ಎದ್ದು ಹ್ಯಾಟು ತೆಗೆದು ನಮಸ್ಕಾರ ಮಾಡಿದೆ. ಬೇರೇನು ಮಾಡಬಹುದಿತ್ತು?

ದೋನ್ ನಿಕಾನೋರ್ ಕೆಂಪಾಗಿ ಎದ್ದು ನಿಂತರು. "ನನ್ನ ಅಂಗಡೀಲಿ ಕುರಿ ತೂಗ್ತೀನಿ ನಾನು. ಕುರಿಗೂ ಮೊದಲು ಊಟ ಹಾಕಿ ಮೋಸ ಮಾಡಲ್ಲ. ನಿನ್ನ ಗಾಡಿಗೆ ಬೇರೆ ತಂದೆ ನೋಡ್ಕೊ," ಎಂದು ಬಾಗಿಲು ದಾಟಿ ಹೋದರು.

ದೋನ್ಯಾ ಎನ್ಕಾರ್ನಾ ಮಾತ್ರ ಏಳಲಿಲ್ಲ. ನನ್ನತ್ತ ನೋಡಿ, "ಈಗ ಎಷ್ಟು ತೋರಿಸ್ತಾ ಇದೆ?" ಎಂದು ಕೇಳಿದರು.

"ನೂರ ಹನ್ನೆರಡು, ದೋನ್ಯಾ," ಅಂದೆ.

"ಬೆಂಚು?"

"ಎಂಟು."

"ಐದು ಲಂಗ, ಶಾಲು, ಓಲೆ, ಹ್ಯಾಟು, ಎಲ್ಲಾ ಏಳು. ಕಳಿ. ಚೀಲದ ತೂಕ ಕಳೀದೆ ಮಾಲಿನ ತೂಕ ಹೇಳೋರನ್ನ ನಾನು ವ್ಯಾಪಾರಸ್ಥರು ಅನ್ನಲ್ಲ."

"ತೊಂಬತ್ತೇಳು."

"ಹೋದ ವರ್ಷ ತೊಂಬತ್ತೊಂಬತ್ತಿದ್ದೆ," ಎಂದು ಅವರು ಸಮಾಧಾನದಿಂದ ಆ ಸಣ್ಣ ತುಂಡನ್ನು ಮುಗಿಸಿದರು. ಎದ್ದು ಹೊರಡುವಾಗ ದಾಮಸೊನಿಗೆ, "ಕೇಳಿದ್ರೆ ಹೇಳ್ತಿದ್ದೆ ಕಣಯ್ಯ. ಕದ್ದು ತೂಗಿದ್ದು ತಪ್ಪು," ಅಂದರು.

ಸಂಜೆಯ ಹೊತ್ತಿಗೆ ಬೀದಿಯ ತುಂಬ ಸುದ್ದಿ. ದಾಮಸೊ ಧರ್ಮತಾಯಿಯನ್ನು ಆಲೂಗಡ್ಡೆಯ ಹಾಗೆ ತೂಗಿದನಂತೆ ಎಂದು ಮೊದಲು ಬಂತು. ರೂಫೊ ಎರಡು ಸುತ್ತು ಹೊಡೆದು ಬರುವಷ್ಟರಲ್ಲಿ, ತೂಗಿ ಕಿಲೋಗೆ ಇಷ್ಟು ಎಂದು ಚೌಕಾಸಿ ಮಾಡಿದನಂತೆ ಎಂದಾಯಿತು. ದೋನ್ಯಾ ಪ್ರಿಮಿತಿವಾ ಸಂಘದ ಮುದ್ರೆ ಹಾಕಿದ ಕಾಗದದಲ್ಲಿ ವಿವರಣೆ ಕೇಳಿದರು. ಹ್ಯಾಟು ರಿಪೇರಿಗೆ ಬಂದ ಇಬ್ಬರು ಹೆಂಗಸರು, ನಾನು ಅಳತೆ ಪಟ್ಟಿ ತೆಗೆದ ಕೂಡಲೇ, "ತಲೆ ಮಾತ್ರ," ಎಂದು ಎಚ್ಚರಿಸಿದರು.

ದಾಮಸೊ ಮಾತ್ರ ಬುಧವಾರವಿಡೀ ಅಂಗಳದಲ್ಲಿ ಕುಳಿತು ಮತ್ತೆ ಮತ್ತೆ ಕೂಡಿಸುತ್ತಿದ್ದ. ಇಬ್ಬರೂ ಸೇರಿ, ಬೆಂಚು, ಬಟ್ಟೆ ಕಳೆದು, ನೂರ ಎಂಬತ್ತನಾಲ್ಕು. ಲೆಕ್ಕ ಸರಿಹೋಗಿತ್ತು. ಕೊಂಪಾದ್ರೆ ಕೈತಪ್ಪಿದ್ದರು. ಸಿಕ್ಕರೆ ಕಾಲಿಗೆ ಬಿದ್ದಾದರೂ ಒಪ್ಪಿಸುತ್ತೇನೆ, ಬೆಸುಗೆ ನಾಳೆ ಆಗಲೇಬೇಕು ಎಂದು ಹಟ ಹಿಡಿದಿದ್ದ. ನೆಲತಕ್ಕಡಿ ಇನ್ನೂ ಅಂಗಳದಲ್ಲೇ ಇತ್ತು. ನಾನು ಮೆಟ್ಟಿಲ ಮೇಲೆ ಕುಳಿತು ಒಂದು ಹ್ಯಾಟಿಗೆ ಆವಿ ಹಿಡಿಯುತ್ತಿದ್ದೆ.

ಬಸೀಲಿಯಾ ಬೀದಿಯಿಂದ ಒಳಗೆ ಬಂದಳು. ಬೆನ್ನ ಮೇಲೆ ಮೂಟೆ. ನೀರು ಕುಡಿಯಲು ಬಂದವಳು, ನಿಂತು ಗಂಡನ ಕಾಗದ ನೋಡಿದಳು.

"ಇದ್ರಲ್ಲಿ ನಾನು ಎಲ್ಲಿದೀನಿ?" ಎಂದು ಕೇಳಿದಳು.

"ನೀನು ಬಸ್ಸಲ್ಲಿ..." ಎಂದು ಶುರುಮಾಡಿ ದಾಮಸೊ ನಿಲ್ಲಿಸಿದ.

"ಎಲ್ರನ್ನೂ ತೂಗಿದ್ಯಲ್ಲ. ನನ್ನನ್ನೂ ತೂಗು," ಎಂದು ಅವಳು ಸೀದಾ ತಕ್ಕಡಿ ಹತ್ತಿದಳು. ಕೋಪದ ದನಿಯಲ್ಲ. ದಣಿದ ದನಿ.

ದಾಮಸೊ ಮುಳ್ಳು ನೋಡಿದ. "ತೊಂಬತ್ತೆಂಟು. ಕೊಮಾದ್ರೆಗಿಂತ ಒಂದು ಕಿಲೋ ಜಾಸ್ತಿ," ಅಂದ, ಅಚ್ಚರಿಯಿಂದ. ಆಮೇಲೆ ಅಭ್ಯಾಸಬಲದಿಂದ, "ಮೂಟೆ ಇಳಿಸು. ಚೀಲದ ತೂಕ ಕಳೀಬೇಕು."

ಅವಳು ಎದೆಯ ಮೇಲಿನ ಗಂಟು ಬಿಚ್ಚಿ ಮೂಟೆಯನ್ನು ಕೆಳಗೆ ಜಾರಿಸಿದಳು. ಮುಳ್ಳು ಹಿಂದಕ್ಕೆ ಬಂತು. ಬಂತು, ಇನ್ನೂ ಬಂತು. ಐವತ್ತೆರಡಕ್ಕೆ ನಿಂತಿತು. ಮೂಟೆ ಇಳಿಸಿದರೂ ಅವಳು ಮುಂದಕ್ಕೆ ಬಾಗಿಕೊಂಡೇ ನಿಂತಿದ್ದಳು.

ತಕ್ಕಡಿ ಸರಿಯಿಲ್ಲವೇನೋ ಎಂದು ದಾಮಸೊ ಅದನ್ನು ಒಮ್ಮೆ ತಟ್ಟಿದ. ಅವನೇ ರಿಪೇರಿ ಮಾಡಿದ ತಕ್ಕಡಿ. ಐವತ್ತೆರಡೇ. ಹೆಂಡತಿ ಐವತ್ತೆರಡು, ಅವಳ ಬೆನ್ನ ಮೇಲಿನದು ನಲವತ್ತಾರು. ಬೀದಿಯಲ್ಲಿ ಬನ್ನಿನ ತೂಕ ಹೇಳುವ ಮನುಷ್ಯ, ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಇದೊಂದನ್ನು ತೂಗಿರಲಿಲ್ಲ.

"ದಿನಕ್ಕೆ ಎಷ್ಟು ಸಲ?" ಎಂದು ಕೇಳಿದ. ಕೇಳಬೇಕಾಗಿರಲಿಲ್ಲ, ಅವನಿಗೆ ಗೊತ್ತಿತ್ತು.

"ನಾಲ್ಕು."

ಅವನ ತುಟಿ ಅಲುಗಿತು. ನಾನೂ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೂರ ಎಂಬತ್ತನಾಲ್ಕು. ಕಾಗದದ ಮೇಲೆ ಅದೇ ಅಂಕಿ, ಎರಡು ಗೆರೆ ಎಳೆದು ಬರೆದಿತ್ತು. ಅಂದರೆ ದೋನ್ ನಿಕಾನೋರ್ ಮತ್ತು ದೋನ್ಯಾ ಎನ್ಕಾರ್ನಾ ಇಬ್ಬರಷ್ಟು ಭಾರವನ್ನು ಈ ಹೆಂಗಸು ದಿನಾ ನಮ್ಮ ಬೀದಿಯಲ್ಲಿ, ನಮ್ಮೆಲ್ಲರ ಮುಂದೆ, ಬೆನ್ನ ಮೇಲೆ ಹೊತ್ತು ಹೋಗುತ್ತಿದ್ದಳು. ಕಾರು ಬಂದು ಮೂರು ವಾರವಾಗಿತ್ತು. ಅದರ ರೇಡಿಯೊದ ತೂಕ ನಮಗೆಲ್ಲ ಬಾಯಿಪಾಠ. ಒಂದು ಆಲೂಗಡ್ಡೆಯೂ ಅದರಲ್ಲಿ ಹೋಗಿರಲಿಲ್ಲ. ನನಗೆ ನಾಚಿಕೆಯಾಯಿತು. ಹ್ಯಾಟು ಆವಿಯಲ್ಲಿ ಮೆತ್ತಗಾಗಿ ಆಕಾರ ಕೆಟ್ಟಿತು.

ದಾಮಸೊ ಮೂಟೆಯನ್ನು ತಾನು ಎತ್ತಲು ಹೋದ. ಹದಿನೈದು ದಿನ ರಾತ್ರಿಯೂಟ ಬಿಟ್ಟವನ ಕೈಗೆ ಅದು ಏಳಲಿಲ್ಲ. ಇಬ್ಬರೂ ಸೇರಿ ಎತ್ತಿ ಕಾರಿನ ಹಿಂದಿನ ಹಲಗೆಯ ಮೇಲಿಟ್ಟೆವು. ಮಣ್ಣು ಉದುರಿತು.

"ಆಶೀರ್ವಾದ ಆಗಿಲ್ಲ," ಅಂದಳು ಬಸೀಲಿಯಾ.

"ಕೂತ್ಕೊ," ಅಂದ ಅವನು.

ಗುರುವಾರ ಬೆಸುಗೆಯವನು ಕಾದ. ಕಾರು ಲಾರಿ ನಿಲ್ಲುವ ಜಾಗಕ್ಕೂ ಅಂಗಡಿಗೂ ನಡುವೆ ಓಡಾಡಿತು. ಎರಡೇ ಸರತಿಗೆ ಮೂಟೆಗಳೆಲ್ಲ ಮುಗಿದವು. ಇನ್ನು ಎರಡನೆಯ ಬ್ಯಾಟರಿಯೂ ಬೇಡವೆಂದು ತೆಗೆಸಿ ಅಂಗಡಿಗೆ ವಾಪಸು ಕೊಟ್ಟ. ಗಾಡಿ ಇನ್ನೂ ಹಗುರಾಯಿತು, ಇನ್ನೊಂದು ಅರ್ಧ ಮೂಟೆಗೆ ಜಾಗವಾಯಿತು. ಆ ಹುಡುಗಿ ಕಾರಣ ಕೇಳಲಿಲ್ಲವಂತೆ. "ದಿನಾ ಆರು ಕಿಲೋಮೀಟರ್ ಹೋಗ್ಬೇಕು," ಎಂದು ಇವನೇ ಹೇಳಿ ಬಂದ.

ಆದರೆ ಆಶೀರ್ವಾದ ಬಾಕಿ ಇತ್ತು. ಬೀದಿಯವರು ಕಾರು ಕಂಡರೆ ಶಿಲುಬೆ ಗುರುತು ಹಾಕಿಕೊಂಡು ಬದಿಗೆ ಸರಿಯುತ್ತಿದ್ದರು. ಶುಕ್ರವಾರ ದಾಮಸೊ ಕೊನೆಗೂ ಮಾಂಸದಂಗಡಿಗೆ ಹೋದ. ಜೊತೆಗೆ ನಾನು, ಏಕೆಂದರೆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಗಿರಾಕಿಗಳು ತುಂಬಿದ್ದರು. ದೋನ್ ನಿಕಾನೋರ್ ಕತ್ತಿ ಒರೆಸುತ್ತ ಎಲ್ಲ ಕೇಳಿಸಿಕೊಂಡರು.

"ಸರಿ. ಮೊದಲು ನೀನ್ ಹತ್ತು," ಎಂದು ಅರ್ಧ ದನ ತೂಗುವ ಕೊಕ್ಕೆಯನ್ನು ತೋರಿಸಿದರು.

ದಾಮಸೊನ ಬೆಲ್ಟಿಗೆ ಕೊಕ್ಕೆ ಸಿಕ್ಕಿಸಿ ಎತ್ತಿದರು. ಗಿರಾಕಿಗಳೆದುರು ಅವನು ನೆಲದಿಂದ ಒಂದು ಗೇಣು ಮೇಲೆ ಮೆಲ್ಲಗೆ ತಿರುಗಿದ.

"ಐವತ್ತೊಂಬತ್ತು," ಎಂದು ದೋನ್ ನಿಕಾನೋರ್ ಕೂಗಿ ಹೇಳಿದರು. "ಮೂಳೆ ಜಾಸ್ತಿ. ಮಾಲು ಅಷ್ಟಕ್ಕಷ್ಟೆ." ಆಮೇಲೆ ಇಳಿಸಿ, ಎರಡೂ ಕೈಯಲ್ಲಿ ಅಪ್ಪಿಕೊಂಡು, "ಯಾವತ್ತು ಹೋಗೋಣ ಕೊಂಪಾದ್ರೆ?" ಅಂದರು.

"ಗಾಡಿ ಬರಲ್ಲ," ಅಂದ ದಾಮಸೊ. "ಅದಕ್ಕೆ ಅಷ್ಟು ದೂರ ಹೋಗೋಕಾಗಲ್ಲ. ಭಾನುವಾರ ಸಂತೆ, ಬಸೀಲಿಯಾಗೆ ಬೇಕು."

ಎಲ್ಲರೆದುರು ಒಂದೇ ಚಾರ್ಜು ಎಂದವನು ಎಲ್ಲರೆದುರು ಆಗಲ್ಲ ಎಂದಿದ್ದ. ಇದಕ್ಕೆ ದಾರಿ ತೋರಿದವರು ಗಲ್ಲಾದ ಹಿಂದೆ ಕುಳಿತಿದ್ದ ದೋನ್ಯಾ ಎನ್ಕಾರ್ನಾ.

"ಮನೆ ಇಲ್ಲದೋರು ಬೊಂಬೆ ಮನೆ ಒಯ್ದು ಆಶೀರ್ವಾದ ಮಾಡಿಸ್ಕೊಂಡು ಬರ್ತಾರೆ. ಗಾಡಿ ಇಲ್ಲದೋರು ಬೊಂಬೆ ಗಾಡಿ. ಇರೋರು ಯಾಕೆ ಒಯ್ಯಬಾರ್ದು? ಮಾತೆ ಕೈಯಲ್ಲೂ ಮಗು ಇದೆ ಕಣಯ್ಯ. ಹೊರೋದು ಅಂದ್ರೆ ಏನು ಅಂತ ಅವಳಿಗೆ ಗೊತ್ತು."

ಹೀಗೆ ಭಾನುವಾರ ನಾವು ರೂಫೊನ ಮಿನಿಬಸ್ಸಿನಲ್ಲಿ ಹೊರಟೆವು: ಧರ್ಮತಂದೆ, ಧರ್ಮತಾಯಿ, ದಾಮಸೊ, ನಾನು, ಎರಡು ಕ್ರೇಟು ಬಿಯರ್. ಸ್ಟಿಯರಿಂಗಿನ ಮುಂದೆ ಹೂವು ಸುತ್ತಿದ ತಗಡಿನ ಬಿಳಿ ಬೊಂಬೆ ಕಾರು. ದಾಮಸೊ ಅದನ್ನು ಅಂಗೈ ಮೇಲಿಟ್ಟು ನೂರ ಇಪ್ಪತ್ತು ಗ್ರಾಂ ಎಂದು ಹೇಳಿದ್ದ. ಅದರ ಬೆಲೆ ಒಂದು ಬಟ್ಟಲು ಸೂಪಿನಷ್ಟು. ಜಲಸಂಧಿಯಲ್ಲಿ ದೋಣಿ ಹತ್ತಿತು, ಗುಡ್ಡ ಹತ್ತಿತು, ನೂರೈವತ್ತು ಕಿಲೋಮೀಟರ್ ಚಾರ್ಜಿಲ್ಲದೆ ಹೋಯಿತು. ದೂರ, ಭಾರ, ಬೆಲೆ ಮೂರರಲ್ಲೂ ಕೊರತೆಯಿಲ್ಲದ ಗಾಡಿಯನ್ನು ನಾನು ನೋಡಿದ್ದು ಅದೊಂದನ್ನೇ.

ಗುಡಿಯ ಮುಂದೆ ದೊಡ್ಡ ದೊಡ್ಡ ಲಾರಿಗಳು ಹಾರ ಹಾಕಿಕೊಂಡು ಸಾಲಾಗಿ ನಿಂತಿದ್ದವು. ನಾವು ಎರಡು ಬಸ್ಸುಗಳ ನಡುವೆ ನೆಲದ ಮೇಲೆ ಬೊಂಬೆ ಇಟ್ಟು ಸುತ್ತ ನಿಂತೆವು. ಪಾದ್ರಿಗಳು ಬಕೆಟ್ಟಿನಲ್ಲಿ ಹೂವಿನ ಗೊಂಚಲು ಅದ್ದಿಕೊಂಡು ಬಂದರು.

"ಇದರ ದೊಡ್ಡದು ಬೇಕಂತ ಬೇಡಿಕೆನಾ?"

"ದೊಡ್ಡದು ಇದೆ ಫಾದರ್," ಅಂದ ದಾಮಸೊ.

"ಮತ್ತೆ ಎಲ್ಲಿ?"

"ಕೆಲಸಕ್ಕೆ ಹೋಗಿದೆ."

ಪಾದ್ರಿಗಳು ಲಾರಿಗೆ ಹಾಕುವಷ್ಟೇ ನೀರನ್ನು ಆ ಬೊಂಬೆಗೆ ಹಾಕಿದರು. ನಮ್ಮ ಬೂಟುಗಳೂ ತೊಯ್ದವು.

ಇದೆಲ್ಲ ಆಗಿ ಏಳು ತಿಂಗಳು. ಬಸೀಲಿಯಾ ಈಗ ತಾನೇ ಓಡಿಸುತ್ತಾಳೆ. ಹೋದ ವಾರ ರೂಫೊ ತನ್ನ ಮಿನಿಬಸ್ಸು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, ದಾಮಸೊನನ್ನು ಕೇಳಿದ.

"ಏನಪ್ಪ, ಈಗ ಎಷ್ಟು ದೂರ ಹೋಗುತ್ತೆ ನಿನ್ನ ಗಾಡಿ?"

"ಮುಂಚಿನಷ್ಟು ಹೋಗಲ್ಲ ಮಾರಾಯ. ಒಂದರ್ಧ ಕಿಲೋಮೀಟರ್ ಕಡಿಮೆಯಾಗಿದೆ," ಅಂದ ದಾಮಸೊ.

"ನಾನು ಅವತ್ತೇ ಹೇಳ್ಲಿಲ್ವಾ. ಬ್ಯಾಟರಿ ಹೋಯ್ತಾ?"

"ಬ್ಯಾಟರಿ ಚೆನ್ನಾಗಿದೆ," ಅಂದ ದಾಮಸೊ. ಬೀದಿಯ ಆ ತುದಿಯಲ್ಲಿ ಬಸೀಲಿಯಾ ಕಾರಿನಿಂದ ಇಳಿದು ನೆಟ್ಟಗೆ ನಿಂತು ಬಾಗಿಲು ಹಾಕುತ್ತಿದ್ದಳು. ಅವನು ಅತ್ತ ಕೈ ತೋರಿಸಿದ. "ಅವಳು ಐವತ್ತೇಳು ಕಿಲೋ ಆಗಿದಾಳೆ."